ಮರ ನೋಡುವುದರಿಂದ ಸೌದೆ ಒಟ್ಟುವವರೆಗೆ: ಮರದ ಕೆಲಸಕ್ಕೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಮರದ ಕೆಲಸ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚೈನ್ ಸಾ. ಆದರೆ ಇಡೀ ದಿನದ ದುಡಿಮೆಯಲ್ಲಿ ಅದರ ಚೈನು ಮರದೊಳಗೆ ಓಡುವ ಹೊತ್ತು ತೀರಾ ಕಡಿಮೆ. ಉಳಿದದ್ದೆಲ್ಲ ನೋಡುವುದು, ಎಳೆಯುವುದು, ಹೊರುವುದು, ಸೀಳುವುದು, ಒಟ್ಟುವುದು, ಗುಡಿಸುವುದು. ಇದರಲ್ಲೇ ಹೊಟ್ಟೆ ಹೊರೆಯಬೇಕು ಅನ್ನುವವರು ಮಷೀನು ಕೊಳ್ಳುವ ಮೊದಲು ಕಣ್ಣು ಪಳಗಿಸಿಕೊಳ್ಳಬೇಕು. ಭಾರ ಯಾವ ಕಡೆ ಇದೆ, ಯಾವ ಎಳೆ ಬಿಗಿದಿದೆ, ಕೊಯ್ದ ಮೇಲೆ ತುಂಡು ಎಲ್ಲಿಗೆ ಹೋಗುತ್ತದೆ? ಮರ ಬೀಳಿಸುವಾಗಲೂ ಇದೇ ಪ್ರಶ್ನೆ, ಸೌದೆ ಸೀಳುವಾಗಲೂ ಇದೇ ಪ್ರಶ್ನೆ.

ಹಂತ 1: ಕೈಬೀಸಿಕೊಂಡು ಒಂದು ಸುತ್ತು ಹಾಕಿ

ಕೆಲಸ ಒಪ್ಪಿಕೊಳ್ಳುವ ಮುಂಚೆ ಜಾಗಕ್ಕೆ ಹೋಗಿ. ಫೋನಿಗೆ ಬಂದ ಫೋಟೋ ನೋಡಿ ರೇಟು ಹೇಳಬೇಡಿ. ಫೋಟೋದಲ್ಲಿ ಮರ ಕಾಣುತ್ತದೆ. ಅದರ ಹಿಂದಿನ ಕರೆಂಟ್ ತಂತಿ, ನೆಲದೊಳಗಿನ ಪೈಪು, ಗಾಡಿ ನುಗ್ಗಲಾಗದ ಕಿರಿದಾದ ಗೇಟು ಕಾಣುವುದಿಲ್ಲ.

ಮರ ಯಾರದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಗಡಿಯ ಮೇಲೆ ನಿಂತ ಮರ ಇಬ್ಬರದ್ದೂ ಆಗಿರಬಹುದು. ಕಡಿಯಲು ಅನುಮತಿ ಬೇಕಾದರೆ ಕಾಗದವನ್ನು ನಿಮ್ಮ ಕಣ್ಣಿನಿಂದಲೇ ನೋಡಿ, "ಎಲ್ಲ ಮಾತಾಡಿದ್ದೀನಿ" ಅನ್ನುವ ಬಾಯಿಮಾತು ಸಾಲದು. ಆಮೇಲೆ ಕಟ್ಟಿಗೆ ಯಾರಿಗೆ, ಸೊಪ್ಪು ರೆಂಬೆ ಎಲ್ಲಿಗೆ, ಬುಡ ನೆಲಮಟ್ಟಕ್ಕೆ ಕೊಯ್ಯಬೇಕಾ ಅಥವಾ ಬೇರು ಸಮೇತ ಕೀಳಬೇಕಾ ಅಂತ ಮೊದಲೇ ಕೇಳಿ. ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಮರ ಬೀಳಿಸಲು ಅರ್ಧ ಗಂಟೆ ಸಾಕಾಗಬಹುದು. ಅದರ ರೆಂಬೆ ಎಳೆದು ಜಾಗ ಚೊಕ್ಕ ಮಾಡಲು ಅರ್ಧ ದಿನ ಬೇಕು. ರೇಟು ಹಾಕುವಾಗ ಹೊಸಬರು ಈ ಅರ್ಧ ದಿನವನ್ನೇ ಬಿಟ್ಟುಬಿಡುತ್ತಾರೆ.

ತೂಕದ ಅಂದಾಜೂ ಬೇಕು. ಹಸಿ ಮರ ಘನ ಮೀಟರಿಗೆ ಹೆಚ್ಚು ಕಡಿಮೆ 1 ಟನ್ ಅಂತ ಇಟ್ಟುಕೊಳ್ಳಿ. ಹಾಗಾದರೆ 30 ಸೆಂ.ಮೀ. ದಪ್ಪದ 1 ಮೀಟರ್ ತುಂಡು ಸುಮಾರು 70 ಕೆ.ಜಿ. ತೂಗುತ್ತದೆ. 50 ಸೆಂ.ಮೀ. ದಪ್ಪವಾದರೆ ಅದೇ ಉದ್ದಕ್ಕೆ ಸುಮಾರು 200 ಕೆ.ಜಿ. ದಪ್ಪ ಎರಡು ಪಟ್ಟೂ ಆಗಲಿಲ್ಲ, ತೂಕ ಮೂರು ಪಟ್ಟು ಹತ್ತಿರ ಬಂತು ನೋಡಿ. ಇದು ಗೊತ್ತಿದ್ದರೆ ಎಷ್ಟು ಜನ ಬೇಕು, ಯಾವ ಗಾಡಿ ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಎತ್ತರ ಅಳೆಯಲು ಒಂದು ಕೋಲು ಸಾಕು. ಕೈ ನೇರ ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯಿಂದ ಮೇಲಿರುವ ಕೋಲಿನ ಉದ್ದವೂ ಕಣ್ಣಿನಿಂದ ಮುಷ್ಟಿಗಿರುವ ದೂರವೂ ಒಂದೇ ಆಗಿರಲಿ. ಕೋಲಿನ ತುದಿ ಮರದ ತುದಿಗೂ, ಮುಷ್ಟಿ ಮರದ ಬುಡಕ್ಕೂ ಕೂಡುವವರೆಗೆ ಹಿಂದೆ ಸರಿಯಿರಿ. ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಸುಮಾರು ಅಷ್ಟೇ ಎತ್ತರ. ನೆಲ ಸಮತಟ್ಟಾಗಿದ್ದರೆ ಮಾತ್ರ ಈ ಲೆಕ್ಕ ಸರಿ.

ಹಂತ 2: ಮೈಮೇಲೆ ಏನಿರಬೇಕು

ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಿಗೆ ಇರುವ ಹೆಲ್ಮೆಟ್. ಬೆರಳ ತುದಿಗೆ ಉಕ್ಕಿನ ಟೋಪಿ ಇರುವ, ಪಾದದಡಿ ಹಿಡಿತ ಇರುವ ಬೂಟು. ಗ್ಲೌಸ್. ಇವೆಲ್ಲಕ್ಕಿಂತ ಮೊದಲು ಚೈನ್ ಸಾ ಪ್ಯಾಂಟು. ಅದರೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಚೈನು ತಾಗಿದ ಕೂಡಲೇ ಆ ನೂಲು ಎಳೆದುಕೊಂಡು ಹೋಗಿ ಹಲ್ಲುಗಾಲಿಗೆ ಸುತ್ತಿಕೊಂಡು ಮಷೀನನ್ನೇ ನಿಲ್ಲಿಸುತ್ತದೆ. ಕ್ಲಾಸ್ 1 ಅಂತ ಬರೆದ ಪ್ಯಾಂಟನ್ನು ಸೆಕೆಂಡಿಗೆ 20 ಮೀಟರ್ ಓಡುವ ಚೈನಿಗೆ ಪರೀಕ್ಷಿಸಿರುತ್ತಾರೆ. ಕ್ಲಾಸ್ 2 ಆದರೆ 24, ಕ್ಲಾಸ್ 3 ಆದರೆ 28. ಜೀನ್ಸ್ ದಪ್ಪಗಿದೆ ಅಂತ ನಂಬಿಕೊಂಡರೆ ಕೆಲಸಕ್ಕೆ ಬಾರದು.

ಕಿವಿಯ ವಿಷಯ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಸಾಮಾನ್ಯ ಮಿತಿ. 100 ಡೆಸಿಬಲ್‌ಗೆ ಆ ಮಿತಿ 15 ನಿಮಿಷಕ್ಕೆ ಇಳಿಯುತ್ತದೆ. ಪೆಟ್ರೋಲ್ ಚೈನ್ ಸಾ 100 ದಾಟುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ.

ಜೇಬಿನಲ್ಲಿ ರಕ್ತ ನಿಲ್ಲಿಸುವ ಒತ್ತುಪಟ್ಟಿ ಮತ್ತು ಟೂರ್ನಿಕೆ (ಕೈಕಾಲಿಗೆ ಬಿಗಿದು ರಕ್ತ ತಡೆಯುವ ಪಟ್ಟಿ) ಇರಲಿ, ಗಾಡಿಯಲ್ಲಲ್ಲ. ಅವನ್ನು ಬಳಸುವುದು ಜೊತೆಯವರಿಗೂ ಗೊತ್ತಿರಲಿ. ಒಬ್ಬರೇ ಹೋಗಿ ಮರ ಕಡಿಯಬೇಡಿ.

ಹಂತ 3: ಮಷೀನು, ಎಣ್ಣೆ, ಅರ

ಟೂ ಸ್ಟ್ರೋಕ್ ಎಂಜಿನ್‌ಗೆ ಈಗ ಸಾಮಾನ್ಯವಾಗಿ 50:1 ಮಿಶ್ರಣ, ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. ನಿಮ್ಮ ಮಷೀನಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ. ಒಂದು ತಿಂಗಳಿಗಾಗುವಷ್ಟು ಮಾತ್ರ ಬೆರೆಸಿಕೊಳ್ಳಿ. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರಿಕೊಂಡು ಕಾರ್ಬುರೇಟರ್ ಕೆಡಿಸುತ್ತದೆ. ಚೈನು ಸುತ್ತ ಓಡುವ ಉದ್ದನೆಯ ಉಕ್ಕಿನ ಪಟ್ಟಿಗೆ ಬಾರು ಅನ್ನುತ್ತಾರೆ. ಅದಕ್ಕೆ ಹೋಗುವ ಬಾರ್ ಆಯಿಲ್‌ಗೆ ಬೇರೆ ಟ್ಯಾಂಕು. ಪೆಟ್ರೋಲು ತುಂಬಿಸಿದಾಗಲೆಲ್ಲ ಅದನ್ನೂ ತುಂಬಿಸುವ ಅಭ್ಯಾಸ ಮಾಡಿಕೊಂಡರೆ ಮರೆಯುವುದಿಲ್ಲ.

ಚೈನು ಬಾರಿನ ಕೆಳಗಡೆ ಜೋತು ಬೀಳಬಾರದು, ಆದರೆ ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ತಿರುಗಬೇಕು. ಬಿಸಿಯಾದಾಗ ಚೈನು ಹಿಗ್ಗುತ್ತದೆ, ಹಾಗಾಗಿ ಕೆಲಸದ ಮಧ್ಯೆ ಬಿಗಿ ಮಾಡಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಸಡಿಲ ಮಾಡಿ ಇಡಿ, ತಣ್ಣಗಾದಾಗ ಕುಗ್ಗಿ ಬಾರನ್ನು ಹಿಂಡುವುದು ಬೇಡ.

ಇನ್ನು ಹರಿತ ಮಾಡುವುದು. ಈ ಕಸುಬಿನಲ್ಲಿ ಒಂದೇ ಒಂದು ಕೌಶಲ ಚೆನ್ನಾಗಿ ಕಲಿಯಿರಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಚೈನ್ ಸಾ ಹಲ್ಲಿಗೆ ಒಂದು ಒಳ್ಳೆಯ ಕಥೆ ಇದೆ. ಹಳೆಯ ಚೈನುಗಳ ಹಲ್ಲು ಕೈಗರಗಸದ ಹಲ್ಲಿನ ತರಹವೇ ಇದ್ದವು, ಬೇಗ ಮೊಂಡಾಗುತ್ತಿದ್ದವು. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಎಂಬಾತ ಕೊರಡೊಂದರಲ್ಲಿ ಮರಕೊರೆಯುವ ಹುಳವನ್ನು ನೋಡಿದ. ಅದು ಎಳೆಯ ಉದ್ದಕ್ಕೂ ಅಡ್ಡಕ್ಕೂ ಎಡಬಲ ತಲೆಯಾಡಿಸುತ್ತ ಸರಾಗವಾಗಿ ಕೊರೆದುಕೊಂಡು ಹೋಗುತ್ತಿತ್ತು. ಅದರ ದವಡೆ ನೋಡಿಕೊಂಡೇ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಚೈನು ಮಾಡಿದ. ಇವತ್ತು ನಿಮ್ಮ ಕೈಲಿರುವ ಚೈನು ಅದೇ ಜಾತಿಯದ್ದು.

ಒಂದು ಹಲ್ಲನ್ನು ಹತ್ತಿರ ಹಿಡಿದು ನೋಡಿ. ಹಿಂದೆ ಕೊಯ್ಯುವ ಮೂಲೆ ಇದೆ, ಮುಂದೆ ಚಿಕ್ಕ ದಿಬ್ಬ ಇದೆ. ಆ ದಿಬ್ಬಕ್ಕೆ ಡೆಪ್ತ್ ಗೇಜ್ ಅನ್ನುತ್ತಾರೆ. ಮೂಲೆಗಿಂತ ದಿಬ್ಬ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಒಂದು ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚುತ್ತದೆ ಅನ್ನುವುದನ್ನು ಈ ಕೂದಲೆಳೆಯಷ್ಟು ಅಂತರವೇ ತೀರ್ಮಾನಿಸುತ್ತದೆ. ಮೂಲೆ ಬಿಸಿಲಲ್ಲಿ ಬೆಳ್ಳಗೆ ಹೊಳೆದರೆ ಮೊಂಡಾಗಿದೆ ಅಂತ ಅರ್ಥ, ಯಾಕೆಂದರೆ ನಿಜವಾದ ಚೂಪಿಗೆ ಬೆಳಕು ಪ್ರತಿಫಲಿಸುವಷ್ಟು ಅಗಲ ಇರುವುದಿಲ್ಲ.

ಚೈನಿಗೆ ತಕ್ಕ ಗಾತ್ರದ ದುಂಡು ಅರ ತೆಗೆದುಕೊಳ್ಳಿ. ಚಿಕ್ಕ ಮಷೀನಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನಿಗೆ 4 ಮಿ.ಮೀ., ಪಿಚ್ ಅಂದರೆ ಕೊಂಡಿಗಳ ಅಂತರದ ಅಳತೆ .325 ಇಂಚು ಇರುವ ಚೈನಿಗೆ 4.8 ಮಿ.ಮೀ. ಮಷೀನನ್ನು ಅಲುಗಾಡದಂತೆ ಕೂರಿಸಿ, ಬ್ರೇಕ್ ಹಾಕಿ. ಹಲ್ಲಿನ ಒಳಗಿನಿಂದ ಹೊರಕ್ಕೆ, ಬಾರಿಗೆ ನೇರ ಅಡ್ಡಲಾದ ಗೆರೆಯಿಂದ ಹೆಚ್ಚಾಗಿ 30 ಡಿಗ್ರಿ ಓರೆಯಲ್ಲಿ ತಳ್ಳಿ. ವಾಪಸ್ ಬರುವಾಗ ಅರವನ್ನು ಎತ್ತಿಕೊಳ್ಳಿ, ಹಿಂದಕ್ಕೆ ಉಜ್ಜಿದರೆ ಅರವೇ ಹಾಳು. ಅರದ ಐದನೇ ಒಂದು ಭಾಗ ಹಲ್ಲಿನ ಮೇಲ್ತಟ್ಟೆಗಿಂತ ಮೇಲೆ ಕಾಣುತ್ತಿರಲಿ. ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ ತಳ್ಳಿ. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಬದಿಯದ್ದು ಮೋಟು ಆದರೆ ಮಷೀನು ಬಾಳೆಕಾಯಿ ಆಕಾರದಲ್ಲಿ ಸೊಟ್ಟಗೆ ಕೊಯ್ಯುತ್ತದೆ. ಕೆಲವು ಸಲ ಅರ ಹಾಕಿದ ಮೇಲೆ ಗೇಜ್ ಇಟ್ಟು ದಿಬ್ಬವನ್ನೂ ಚಪ್ಪಟೆ ಅರದಿಂದ ತಗ್ಗಿಸಿ. ಅತಿಯಾಗಿ ತಗ್ಗಿಸಿದರೆ ಹಲ್ಲು ಜಾಸ್ತಿ ಕಚ್ಚಿ ಮಷೀನು ಒದೆಯಲು ಶುರುಮಾಡುತ್ತದೆ.

ಹರಿತ ಇದೆಯೋ ಇಲ್ಲವೋ ಅಂತ ಹೊಟ್ಟು ನೋಡಿಯೇ ಹೇಳಬಹುದು. ಚೂರುಚೂರಾಗಿ ಬಿದ್ದರೆ ಸರಿ. ನುಣ್ಣನೆ ಪುಡಿ ಬಂದರೆ, ನೀವು ಒತ್ತಿ ಹಿಡಿಯಬೇಕಾಗಿ ಬಂದರೆ, ಹೊಗೆ ಬಂದರೆ ಅಲ್ಲೇ ನಿಲ್ಲಿಸಿ ಅರ ತೆಗೆಯಿರಿ. ಕೊಯ್ಯುವಾಗ ಹಲ್ಲು ಒಂದೇ ಒಂದು ಸಲ ಮಣ್ಣಿಗೆ ತಾಗಿದರೂ ಇಷ್ಟೂ ಕೆಲಸ ಮತ್ತೆ ಮಾಡಬೇಕು.

ಶುರು ಮಾಡುವಾಗ ಮಷೀನು ನೆಲದ ಮೇಲಿರಲಿ, ಹಿಂದಿನ ಹಿಡಿಯೊಳಗೆ ಬೂಟಿನ ತುದಿ ಇರಲಿ, ಚೈನ್ ಬ್ರೇಕ್ ಹಾಕಿರಲಿ. ಗಾಳಿಯಲ್ಲಿ ಜೋಲು ಹಾಕಿ ಹಗ್ಗ ಎಳೆಯುವುದು ಸಿನಿಮಾದವರಿಗೆ ಚೆಂದ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿರಬೇಕು. ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ ಮಷೀನು ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಒದೆಯುತ್ತದೆ. ಆಗ ಹಿಡಿತ ಉಳಿಸುವುದು ಆ ಹೆಬ್ಬೆರಳು. ಮುಖದ ನೇರಕ್ಕೆ ಬಾರು ಬರದ ಹಾಗೆ ಸ್ವಲ್ಪ ಪಕ್ಕಕ್ಕೆ ನಿಲ್ಲುವುದನ್ನೂ ರೂಢಿ ಮಾಡಿಕೊಳ್ಳಿ. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಲೇಬೇಡಿ.

ಹಂತ 4: ಮರ ಓದುವುದು

ತುದಿಯಿಂದ ಶುರು ಮಾಡಿ. ಒಣಗಿದ ಕೊಂಬೆ, ಮುರಿದು ಸಿಕ್ಕಿಕೊಂಡ ಕೊಂಬೆ ಇದೆಯಾ? ಎಂಜಿನ್ನಿನ ನಡುಕಕ್ಕೇ ಅದು ಕಳಚಿ ತಲೆ ಮೇಲೆ ಬೀಳಬಹುದು. ಬಳ್ಳಿ ಪಕ್ಕದ ಮರಕ್ಕೆ ಹೆಣೆದುಕೊಂಡಿದೆಯಾ? ಹಾಗಿದ್ದರೆ ಒಂದು ಮರ ಬೀಳುವಾಗ ಇನ್ನೊಂದರ ಕೊಂಬೆಯನ್ನೂ ಕಿತ್ತುಕೊಂಡು ಬರುತ್ತದೆ.

ಆಮೇಲೆ ಓರೆ. ಕಾಂಡ ನೆಟ್ಟಗಿದ್ದರೂ ಕೊಂಬೆಗಳೆಲ್ಲ ಒಂದೇ ಕಡೆ ಇದ್ದರೆ ಮರದ ಭಾರ ಆ ಕಡೆಯೇ. ಒಂದಕ್ಕೊಂದು ಅಡ್ಡಲಾದ ಎರಡು ದಿಕ್ಕಿನಲ್ಲಿ ನಿಂತು, ಒಂದು ತೂಗುಬಿಟ್ಟ ದಾರ ಹಿಡಿದು ನೋಡಿ. ಗಾಳಿ ಜೋರಿದ್ದರೆ ಮನೆಗೆ ಹೋಗಿ.

ಕೊನೆಗೆ ಬುಡ. ಅಣಬೆ, ಪೊಟರೆ, ತೊಗಟೆಯ ಬಿರುಕು, ಒಂದು ಕಡೆ ಎದ್ದು ನಿಂತ ಮಣ್ಣು ನೋಡಿ. ಕೊಡಲಿಯ ಹಿಂಬದಿಯಿಂದ ಸುತ್ತಲೂ ತಟ್ಟಿ. ಗಟ್ಟಿ ಮರ ಒಂದು ತರಹ ಸದ್ದು ಕೊಡುತ್ತದೆ, ಟೊಳ್ಳು ಬೇರೆ ತರಹ. ಒಳಗೆ ಕೊಳೆತ ಮರದಲ್ಲಿ ಮುಂದೆ ಹೇಳುವ ಲೆಕ್ಕ ಯಾವುದೂ ನಡೆಯುವುದಿಲ್ಲ, ಹೊಸಬರು ಅದನ್ನು ಮುಟ್ಟಬಾರದು.

ಹಂತ 5: ಬೀಳಿಸುವುದು

ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯುವವರನ್ನು ಬಿಟ್ಟು ಯಾರೂ ಇರಬಾರದು. ಬೀಳುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ 45 ಡಿಗ್ರಿ ಓರೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಓಡುದಾರಿ ಸವರಿಕೊಳ್ಳಿ. ನೇರ ಹಿಂದಕ್ಕೆ ಬೇಡ, ಬುಡ ಎಗರಿ ಬರುವುದು ಅಲ್ಲಿಗೇ. ದಾರಿಯಲ್ಲಿ ಕಾಲಿಗೆ ಸಿಕ್ಕುವ ಒಂದು ಬಳ್ಳಿಯೂ ಉಳಿಯಬಾರದು.

1. ಮೊದಲು ಬೀಳಬೇಕಾದ ಕಡೆ ಕಚ್ಚು. ಮೇಲಿನಿಂದ ಓರೆ ಕೊಯ್ತ, ಆಮೇಲೆ ಕೆಳಗಿನಿಂದ ಇನ್ನೊಂದು. ಎರಡೂ ಕರಾರುವಾಕ್ಕಾಗಿ ಒಂದೇ ಗೆರೆಯಲ್ಲಿ ಕೂಡಬೇಕು. ಆಳ ಬುಡದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಬಾಯಿ 70 ಡಿಗ್ರಿಯಷ್ಟು ತೆರೆದಿದ್ದರೆ ಒಳ್ಳೆಯದು.
2. ಕಚ್ಚಿನ ಗೆರೆಗೆ ಅಡ್ಡಲಾಗಿ ನೋಡಿ, ದಿಕ್ಕು ಸರಿಯಿದೆಯಾ ಅಂತ ಇನ್ನೊಮ್ಮೆ ಪರೀಕ್ಷಿಸಿ. ತಿದ್ದುವುದಿದ್ದರೆ ಈಗಲೇ.
3. ಹಿಂದಿನಿಂದ ಕೊಯ್ತ. ಮುಂದಿನ ಕಚ್ಚಿಗೆ ಸೇರುವವರೆಗೆ ಹೋಗಬಾರದು. ನಡುವೆ ದಪ್ಪದ ಹತ್ತನೇ ಒಂದು ಭಾಗ ಮರ ಉಳಿಯಬೇಕು. ಬುಡ 40 ಸೆಂ.ಮೀ. ಇದ್ದರೆ 4 ಸೆಂ.ಮೀ.
4. ಬಾರು ಒಳಗೆ ಹೋಗಿ ಜಾಗ ಆದ ಕೂಡಲೇ ಹಿಂದೆ ಪ್ಲಾಸ್ಟಿಕ್ ಬೆಣೆ ಹೊಡೆಯಿರಿ. ಉಕ್ಕಿನ ಬೆಣೆ ಚೈನಿಗೆ ತಾಗಿದರೆ ಹಲ್ಲು ಹೋಯಿತು.
5. ಮರ ಹೊರಟಿತು ಅನ್ನಿಸಿದ ಕ್ಷಣ ಮಷೀನು ಹೊರಗೆಳೆದು, ಬ್ರೇಕ್ ಹಾಕಿ, ಓಡುದಾರಿಯಲ್ಲಿ ನಡೆದುಹೋಗಿ. ಕಣ್ಣು ಮೇಲೇ ಇರಲಿ.

ಉಳಿಸಿದ ಆ ಪಟ್ಟಿಯೇ ಇಡೀ ಕೆಲಸದ ಜೀವ. ಅದು ಬಾಗಿಲ ಕೀಲಿನ ಹಾಗೆ ಕೆಲಸ ಮಾಡುತ್ತದೆ. ಮರ ಅದರ ಮೇಲೆ ತಿರುಗುತ್ತ, ಅದು ತೋರಿಸಿದ ಕಡೆಗೇ ನಿಧಾನವಾಗಿ ಇಳಿಯುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆದರೆ ದಪ್ಪಗಿನ ಕಡೆಗೆ ಎಳೆದುಕೊಳ್ಳುತ್ತದೆ. ಪೂರ್ತಿ ಕೊಯ್ದುಬಿಟ್ಟರೆ ಹೇಳುವವರು ಕೇಳುವವರು ಇಲ್ಲ, ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಬಿದ್ದ ಮೇಲೆ ಬುಡದ ಮೇಲಿನ ಪಟ್ಟಿಯನ್ನು ಪ್ರತಿ ಸಲ ನೋಡಿ. ಎರಡೂ ತುದಿ ಒಂದೇ ದಪ್ಪ ಇದೆಯಾ, ಎಳೆಗಳು ಉದ್ದಕ್ಕೆ ಕಿತ್ತು ಬಂದಿವೆಯಾ, ಎಲ್ಲಿ ಚೈನು ಜಾಸ್ತಿ ಹೋಗಿದೆ ಅಂತ ಅದರಲ್ಲೇ ಬರೆದಿರುತ್ತದೆ.

ಬೀಳುವ ಕಡೆಗೇ ತುಂಬ ಓರೆಯಾಗಿರುವ ಮರ ಸುಲಭ ಅನ್ನಿಸುತ್ತದೆ. ಅಪಾಯ ಜಾಸ್ತಿ ಅದರಲ್ಲೇ. ಹಿಂದಿನ ಎಳೆಗಳು ಮೊದಲೇ ಬಿಗಿದಿರುತ್ತವೆ. ಅರ್ಧ ಕೊಯ್ಯುವಷ್ಟರಲ್ಲಿ ಕಾಂಡ ಮೇಲಕ್ಕೆ ಸೀಳಿಕೊಂಡು ಹಿಂದಕ್ಕೆ ಎಗರಿ ಕೊಯ್ಯುವವರಿಗೇ ಹೊಡೆಯುತ್ತದೆ. ಬಾರಿನ ತುದಿಯನ್ನು ಕಾಂಡದ ನಡುವೆ ತೂರಿಸಿ, ಹಿಂದೆ ಒಂದು ಪಟ್ಟಿ ಉಳಿಸಿ, ಅದನ್ನು ಕೊನೆಗೆ ಕೊಯ್ಯುವ ವಿಧಾನ ಇದಕ್ಕೆಂದೇ ಇದೆ. ಬಲ್ಲವರು ಪಕ್ಕದಲ್ಲಿ ನಿಂತು ಕಲಿಸಬೇಕು, ಓದಿ ಬರುವಂಥದ್ದಲ್ಲ.

ಇನ್ನೊಂದು ಮರಕ್ಕೆ ಒರಗಿ ನಿಂತುಬಿಟ್ಟರೆ? ಅದರ ಕೆಳಗೆ ಹೋಗಬೇಡಿ, ತಡೆ ಹಿಡಿದ ಮರವನ್ನು ಕಡಿಯಬೇಡಿ, ಮೇಲೆ ಹತ್ತಬೇಡಿ. ದೂರದಿಂದ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಅಥವಾ ಟ್ರ್ಯಾಕ್ಟರಿನಲ್ಲಿ ಬುಡ ಹಿಡಿದು ಹಿಂದಕ್ಕೆ ಎಳೆಯಿರಿ.

ಹಂತ 6: ಮರ ಉಳಿಸಿಕೊಂಡು ಕೊಂಬೆ ತೆಗೆಯುವುದು

ಕಡಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಸವರುವವರು ಕಡಿಮೆ. ಬೇಡಿಕೆ ವರ್ಷವರ್ಷವೂ ಇರುವುದು ಸವರುವವರಿಗೆ.

ಕೊಂಬೆ ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಉಬ್ಬಿದ ಸುತ್ತು ಇರುತ್ತದೆ. ಅದಕ್ಕೆ ಕಾಲರ್ ಅನ್ನುತ್ತಾರೆ. ಕೊಯ್ತ ಅದರ ಹೊರಗೆ, ಅದಕ್ಕೆ ತಾಗಿದಂತೆ ಬರಬೇಕು. ಕಾಂಡಕ್ಕೆ ಸಪಾಟಾಗಿ ಕೊಯ್ದರೆ ನೋಡಲು ನೀಟು, ಆದರೆ ಗಾಯ ಮುಚ್ಚುವ ಭಾಗವೇ ಹೋಗಿರುತ್ತದೆ. ಉದ್ದ ಮೋಟು ಬಿಟ್ಟರೆ ಅದು ಕೊಳೆತು ಕೊಳೆ ಒಳಗಿಳಿಯುತ್ತದೆ.

ಇದನ್ನೆಲ್ಲ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಚೈನ್ ಸಾದಿಂದ ಉದ್ದಕ್ಕೆ ಸೀಳಿ, ಹಳೆಯ ಗಾಯ ಒಳಗೆ ಏನಾಗಿದೆ ಅಂತ ನೋಡಿದರು. ಮರ ನಮ್ಮ ಚರ್ಮದ ತರಹ ಗಾಯ ವಾಸಿ ಮಾಡಿಕೊಳ್ಳುವುದಿಲ್ಲ. ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅಲ್ಲೇ ಮುಚ್ಚಿಡುತ್ತದೆ, ಹೊಸ ಮರ ಅದರ ಮೇಲೆ ಬೆಳೆಯುತ್ತದೆ. ಗಾಯಕ್ಕೆ ಪೇಂಟು, ಡಾಂಬರು ಬಳಿಯುವುದರಿಂದ ಕೊಳೆ ತಡೆಯುವುದಿಲ್ಲ ಅನ್ನುವುದೂ ಆ ಕೆಲಸದಿಂದಲೇ ಗಟ್ಟಿಯಾಯಿತು. ಆದರೂ ಬಳಿಯಿರಿ ಅನ್ನುವ ಗಿರಾಕಿಗಳು ಸಿಗುತ್ತಾರೆ. ಸಮಾಧಾನವಾಗಿ ಹೇಳಿ, ಬಳಿಯಬೇಡಿ.

ಭಾರದ ಕೊಂಬೆಯನ್ನು ಮೂರು ಕೊಯ್ತದಲ್ಲಿ ತೆಗೆಯಿರಿ. ಕಾಂಡದಿಂದ ಒಂದು ಮೊಳದಷ್ಟು ಆಚೆ ಕೆಳಗಿನಿಂದ ಕಾಲುಭಾಗ ಕೊಯ್ಯಿರಿ. ಅದರಿಂದ ಎರಡು ಬೆರಳು ಇನ್ನೂ ಆಚೆ ಮೇಲಿನಿಂದ ಪೂರ್ತಿ ಕೊಯ್ದು ಭಾರ ಇಳಿಸಿ. ಉಳಿದ ಮೋಟನ್ನು ಕಾಲರ್ ಹತ್ತಿರ ತೆಗೆಯಿರಿ. ಮೊದಲ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ.

ಒಂದು ವರ್ಷಕ್ಕೆ ಹಸಿರಿನ ಕಾಲುಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ತಲೆ ಬೋಳಿಸುವ ಕೆಲಸ ಒಪ್ಪಿಕೊಳ್ಳಬೇಡಿ. ಅಲ್ಲಿಂದ ಬರುವ ಹೊಸ ಚಿಗುರು ಗಟ್ಟಿಯಾಗಿ ನೆಲೆ ಊರಿರುವುದಿಲ್ಲ, ಬೆಳೆದ ಮೇಲೆ ಗಾಳಿಗೆ ಕಿತ್ತು ಬೀಳುತ್ತದೆ. ಹಕ್ಕಿ ಗೂಡು ಇದ್ದರೆ ಮರಿ ಹಾರುವವರೆಗೆ ಕಾಯಿರಿ. ಮುಳ್ಳುಬೂಟು ಹಾಕಿ ಹತ್ತುವುದು ಕಡಿಯಲಿರುವ ಮರಕ್ಕೆ ಮಾತ್ರ. ಉಳಿಯುವ ಮರಕ್ಕೆ ಹಗ್ಗದಲ್ಲೇ ಏರಬೇಕು, ಮೇಲೆ ಚೈನ್ ಸಾ ಹಿಡಿದಾಗ ಎರಡು ಕಡೆ ಕಟ್ಟಿಕೊಂಡಿರಬೇಕು. ಹತ್ತುವುದು ಬೇರೆಯೇ ವಿದ್ಯೆ. ತರಬೇತಿ ಇಲ್ಲದೆ ಏಣಿ ಇಟ್ಟು ಚೈನ್ ಸಾ ಹಿಡಿಯುವವರು ಆಸ್ಪತ್ರೆ ಸೇರುತ್ತಾರೆ.

ಹಂತ 7: ಬಿದ್ದ ಮರ ತುಂಡು ಮಾಡುವುದು

ನೆಲದಲ್ಲಿ ಮಲಗಿದ ಮರ ಸತ್ತಿದೆ ಅಂದುಕೊಳ್ಳಬೇಡಿ. ಎರಡು ತುದಿ ಆಧಾರದ ಮೇಲಿದ್ದು ನಡುವೆ ತೂಗುತ್ತಿದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಒಂದೇ ತುದಿ ಆಧಾರದ ಮೇಲಿದ್ದರೆ ಇದು ತಿರುವುಮುರುವು. ಮೊದಲು ಒತ್ತಿಕೊಂಡ ಕಡೆ ಸ್ವಲ್ಪ ಕೊಯ್ಯಿರಿ. ಬಿರುಕು ಮುಚ್ಚಿಕೊಳ್ಳಲು ಶುರುವಾದಾಗ ಬಾರು ತೆಗೆದು ಎಳೆದ ಕಡೆಯಿಂದ ಮುಗಿಸಿ. ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ರೆಂಬೆಯನ್ನು ಒಂದೇ ಏಟಿಗೆ ಕೊಯ್ಯದೆ, ಒಳಬಾಗಿನಲ್ಲಿ ಸ್ವಲ್ಪ ಸ್ವಲ್ಪ ಕೆರೆಯುತ್ತ ಬಿಗಿ ಇಳಿಸಿ. ಇಳಿಜಾರಿನಲ್ಲಿ ಯಾವಾಗಲೂ ಮೇಲ್ಗಡೆ ನಿಲ್ಲಿ.

ಗಾಳಿಗೆ ಬೇರು ಸಮೇತ ಬಿದ್ದ ಮರದ ಕಾಂಡ ಕೊಯ್ದ ಕೂಡಲೇ ಎದ್ದುನಿಂತ ಬೇರುಮಣ್ಣಿನ ಗುಡ್ಡೆ ಧಡಕ್ಕನೆ ಹಿಂದಕ್ಕೆ ಕೂರಬಹುದು. ಆ ಗುಂಡಿಯಲ್ಲಿ ಯಾರೂ ಇರಬಾರದು, ಮಕ್ಕಳು ಆಡುತ್ತಿದ್ದಾರಾ ಅಂತ ಇಣುಕಿ ನೋಡಿ.

ಸೌದೆಯ ತುಂಡಿನ ಉದ್ದ ಒಲೆ ನೋಡಿ ತೀರ್ಮಾನಿಸಿ. ಗಿರಾಕಿಯ ಒಲೆಯ ಬಾಯಿಗಿಂತ ನಾಲ್ಕು ಬೆರಳು ಕಡಿಮೆ. ಒಂದು ಅಳತೆ ಕೋಲು ಇಟ್ಟುಕೊಂಡು ಮೊದಲು ದಿಮ್ಮಿಗೆಲ್ಲ ಗುರುತು ಹಾಕಿಕೊಂಡರೆ ಕೊಯ್ಯುವುದು ಸರಾಗ.

ಹಂತ 8: ಸೀಳುವುದು

ತೆಳ್ಳಗಿನ ಅಲಗಿನ ಕೊಡಲಿ ಎಳೆಗೆ ಅಡ್ಡ ಕಡಿಯಲು. ಸೀಳಲು ದಪ್ಪ ಬೆಣೆಯಾಕಾರದ, ಭಾರದ ತಲೆಯ ಕೊಡಲಿ ಬೇಕು, 2.5ರಿಂದ 3.5 ಕೆ.ಜಿ. ಸಾಕು. ಅದರ ಅಲಗು ತೀರಾ ಚೂಪಾಗಿರಬೇಕಿಲ್ಲ, ಕೆಲಸ ಮಾಡುವುದು ಪಕ್ಕೆಗಳು.

ಅಡಿಗೆ ಮೊಣಕಾಲ ಕೆಳಗೆ ಬರುವ ಅಗಲದ ಕೊರಡು ಇಡಿ. ಗುರಿ ತಪ್ಪಿದರೆ ಕೊಡಲಿ ಕೊರಡಿಗೆ ಕಚ್ಚಬೇಕು, ಕಾಲಿಗಲ್ಲ. ತುಂಡಿನ ಮುಖ ನೋಡಿ. ನಡುವಿನಿಂದ ಅಂಚಿಗೆ ಒಣಬಿರುಕುಗಳು ಹೋಗಿರುತ್ತವೆ. ಅದೇ ಗೆರೆಗೆ ಹೊಡೆಯಿರಿ. ಗಂಟಿರುವ ತುದಿ ಕೆಳಗಿರಲಿ, ಗಂಟಿನ ನಡುವೆ ಹೊಡೆಯಬೇಡಿ. ದಪ್ಪ ತುಂಡನ್ನು ನಡುವೆ ಒಡೆಯಲು ಹಟ ಹಿಡಿಯದೆ ಅಂಚಿನಿಂದ ಚಕ್ಕೆ ಎಬ್ಬಿಸುತ್ತ ಬನ್ನಿ. ನೀಲಗಿರಿಯಂಥ ಮರದ ಎಳೆ ತಿರುಚಿಕೊಂಡಿರುತ್ತದೆ. ಅದನ್ನು ಹಸಿ ಇದ್ದಾಗಲೇ ಸೀಳಿ ಮುಗಿಸಿ, ಒಣಗಿದ ಮೇಲೆ ಜಗಳಕ್ಕೇ ನಿಲ್ಲುತ್ತದೆ.

ಹೊಡೆಯುವಾಗ ಬಲ ತೋಳಿನದ್ದಲ್ಲ. ಕಾಲು ಅಗಲಿಸಿ ನಿಂತು, ಕೊಡಲಿ ಇಳಿಯುವಾಗ ಮಂಡಿ ಬಗ್ಗಿಸಿ, ಮೇಲಿನ ಕೈ ಹಿಡಿಯುದ್ದಕ್ಕೂ ಜಾರಿ ಕೆಳಕೈಗೆ ಸೇರಲಿ. ಕಣ್ಣು ಕೊಡಲಿಯ ಮೇಲಲ್ಲ, ಬಿರುಕಿನ ಮೇಲೆ. ಸರಿಯಾಗಿ ಬಿದ್ದರೆ ಟಪ್ ಅನ್ನುವ ಒಣ ಸದ್ದು, ಎರಡು ಹೋಳು ಎರಡು ಕಡೆ. ಮಂಕಾದ ಸದ್ದು ಬಂದರೆ ಗೆರೆ ತಪ್ಪಿದೆ, ತುಂಡು ತಿರುಗಿಸಿ ನೋಡಿ. ಕೊರಡಿನ ಮೇಲೆ ಹಳೆ ಟಯರು ಕೂರಿಸಿ ಅದರೊಳಗೆ ತುಂಡು ನಿಲ್ಲಿಸಿದರೆ ಹೋಳು ಚೆಲ್ಲಾಪಿಲ್ಲಿಯಾಗುವುದಿಲ್ಲ, ಬಗ್ಗಿ ಹೆಕ್ಕುವುದು ಉಳಿಯುತ್ತದೆ. ಸೊಂಟಕ್ಕೆ ಇದು ಬಹಳ ದೊಡ್ಡ ಉಪಕಾರ.

ಉಕ್ಕಿನ ಬೆಣೆಯ ತಲೆ ಹೊಡೆತಕ್ಕೆ ಹರಡಿಕೊಂಡರೆ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಹೈಡ್ರಾಲಿಕ್ ಮಷೀನಿನಲ್ಲಿ ಲಿವರ್ ಒತ್ತುವವರೇ ತುಂಡನ್ನೂ ಇಡಬೇಕು. ಒಬ್ಬರು ಇಡುವುದು, ಇನ್ನೊಬ್ಬರು ಒತ್ತುವುದು ಅಂತ ಮಾಡಿದರೆ ಬೆರಳು ಹೋಗುವುದು ಇಡುವವರದ್ದು.

ಹಂತ 9: ಒಟ್ಟುವುದು, ಒಣಗಿಸುವುದು

ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧ ನೀರು ಇದೆ ಅಂದುಕೊಳ್ಳಿ. 1 ಟನ್‌ನಲ್ಲಿ 500 ಕೆ.ಜಿ. ಮರ, 500 ಲೀಟರ್ ನೀರು. ಉರಿಸಲು ತಕ್ಕ ಮಟ್ಟಕ್ಕೆ, ಅಂದರೆ ತೂಕದಲ್ಲಿ ನೀರು ಶೇ. 20ಕ್ಕೆ ಇಳಿದಾಗ ಅದೇ ಕಟ್ಟಿಗೆ 625 ಕೆ.ಜಿ. ತೂಗುತ್ತದೆ. 375 ಲೀಟರ್ ನೀರು ಗಾಳಿಗೆ ಹೋಗಿರುತ್ತದೆ. ಅದನ್ನು ಬಿಸಿಲು, ಗಾಳಿ ಪುಕ್ಕಟೆ ತೆಗೆಯದಿದ್ದರೆ ಒಲೆ ತನ್ನ ಬೆಂಕಿ ಖರ್ಚು ಮಾಡಿ ತೆಗೆಯಬೇಕು. ಒಣಗಿದ ಕಟ್ಟಿಗೆ ಕೆ.ಜಿ.ಗೆ ಸುಮಾರು 4 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖ ಕೊಟ್ಟರೆ ಹಸಿಯದ್ದು ಸುಮಾರು 2.3. ಜೊತೆಗೆ ಹೊಗೆ, ಚಿಮಣಿಯೊಳಗೆ ಅಂಟುವ ಮಸಿಡಾಂಬರು. ಅದಕ್ಕೆ ಬೆಂಕಿ ಹತ್ತಿದರೆ ಮನೆಗೇ ಅಪಾಯ.

ನೀರು ಹೊರಡುವುದು ಹೆಚ್ಚಾಗಿ ಕೊಯ್ದ ತುದಿಗಳಿಂದ. ತೊಗಟೆ ಅದನ್ನು ತಡೆಯುತ್ತದೆ. ಅದಕ್ಕೇ ಸೀಳಿದ್ದು ಬೇಗ ಒಣಗುತ್ತದೆ, ದುಂಡಗಿನದ್ದು ಕೂತಲ್ಲೇ ಕೊಳೆಯುತ್ತದೆ.

ನೆಲಕ್ಕೆ ಎರಡು ಉದ್ದ ಗಳ ಹಾಕಿ ಒಂದು ಗೇಣು ಎತ್ತರಿಸಿ. ಕೊಯ್ದ ತುದಿಗಳು ಗಾಳಿಗೆ ಮುಖ ಮಾಡಿರಲಿ. ಸಾಲಿನ ಎರಡು ತುದಿಗೆ ಅಡ್ಡ-ಉದ್ದ ಜೋಡಿಸಿ ಕಂಬ ಕಟ್ಟಿದರೆ ನಡುವಿನದ್ದು ಕುಸಿಯುವುದಿಲ್ಲ. ಎದೆಮಟ್ಟಕ್ಕಿಂತ ಎತ್ತರ ಬೇಡ. ಗೋಡೆಗೆ ಅಂಟಿಸಬೇಡಿ. ಮೇಲೆ ಮಾತ್ರ ತಗಡು ಮುಚ್ಚಿ, ಪಕ್ಕ ತೆರೆದಿರಲಿ. ಪೂರ್ತಿ ಟಾರ್ಪಾಲಿನ್ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಗುರ ಮರ ಒಂದು ವರ್ಷದೊಳಗೆ ಸಿದ್ಧವಾಗಬಹುದು, ಗಟ್ಟಿ ಮರಕ್ಕೆ ಎರಡು ವರ್ಷವೂ ಬೇಕಾದೀತು. ಅದು ಊರಿನ ಹವೆಯ ಮೇಲೆ ನಿಂತಿದೆ.

ತೇವ ನೋಡುವ ಮೀಟರಿನ ಮುಳ್ಳನ್ನು ಹೊರಮೈಗೆ ಚುಚ್ಚಬೇಡಿ. ಒಂದು ಹೋಳನ್ನು ಆಗಲೇ ಸೀಳಿ, ಹೊಸ ಮುಖದ ನಡುವೆ ಚುಚ್ಚಿ. ಒಂದು ಎಚ್ಚರಿಕೆ: ಮೀಟರು ಸಾಮಾನ್ಯವಾಗಿ ನೀರನ್ನು ಒಣ ಮರದ ತೂಕಕ್ಕೆ ಹೋಲಿಸಿ ತೋರಿಸುತ್ತದೆ. ಮೇಲಿನ ಲೆಕ್ಕದ ಶೇ. 20 ಅಲ್ಲಿ 25 ಅಂತ ಬರುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಜಗಳ ಬರುವುದು ಹೀಗೇ.

ಇನ್ನೊಂದು ಗೊಂದಲ ಅಳತೆಯದ್ದು. ಒಪ್ಪವಾಗಿ ಒಟ್ಟಿದ 1 ಘನ ಮೀಟರ್‌ನಲ್ಲಿ ನಿಜವಾದ ಮರ ಸುಮಾರು ಮೂರನೇ ಎರಡು ಭಾಗ, ಉಳಿದದ್ದು ಗಾಳಿ. ಗಾಡಿಗೆ ಸುರಿದದ್ದಾದರೆ ಇನ್ನೂ ಕಡಿಮೆ. ಒಟ್ಟಿದ ಲೆಕ್ಕವೋ ಸುರಿದ ಲೆಕ್ಕವೋ ಅಂತ ಮಾರುವ ಮೊದಲೇ ಹೇಳಿಬಿಡಿ. ಸೌದೆಯನ್ನು ತುಂಬ ದೂರ ಸಾಗಿಸಬೇಡಿ, ಅದರ ಜೊತೆ ಹುಳವೂ ಹೋಗುತ್ತದೆ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾದ ಆಶ್ ಮರದ ಹಸಿರು ಜೀರುಂಡೆ ಅಷ್ಟು ದೂರ ಹಬ್ಬಲು ಸೌದೆ ಸಾಗಣೆಯೂ ಒಂದು ಕಾರಣ.

ಹಂತ 10: ಉಳಿದ ಜಮೀನು

ಹುಲ್ಲಿಗೆ ಬ್ರಷ್ ಕಟರ್‌ನಲ್ಲಿ ನೈಲಾನ್ ದಾರ, ಪೊದೆಗೆ ಉಕ್ಕಿನ ಬ್ಲೇಡು. 15 ಮೀಟರ್ ಒಳಗೆ ಯಾರೂ ಬೇಡ, ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಬಲದಿಂದ ಎಡಕ್ಕೆ ಬೀಸಿ, ಕತ್ತರಿಸಿದ್ದು ಆಗಲೇ ಸವರಿದ ಜಾಗದ ಕಡೆಗೇ ಬೀಳುತ್ತದೆ.

ರೆಂಬೆಗಳನ್ನು ಚಿಪ್ಪರ್‌ಗೆ (ರೆಂಬೆಯನ್ನು ಚಕ್ಕೆ ಮಾಡುವ ಮಷೀನಿಗೆ) ಹಾಕುವಾಗ ಬುಡ ಮೊದಲು, ನೀವು ಪಕ್ಕಕ್ಕೆ. ಚಿಕ್ಕ ಚೂರನ್ನು ಕೈಯಿಂದ ತಳ್ಳದೆ ಮುಂದಿನ ಉದ್ದ ರೆಂಬೆಯಿಂದ ತಳ್ಳಿ. ಸಡಿಲ ತೋಳು, ಜೋತಾಡುವ ದಾರ ಬೇಡ. ಸಿಕ್ಕ ಚಕ್ಕೆಯನ್ನು ಮರದ ಬುಡದ ಸುತ್ತ 5ರಿಂದ 10 ಸೆಂ.ಮೀ. ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಮರದ ಬೇರು ಹೆಚ್ಚಿನದ್ದು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತದೆ, ಕೊಂಬೆಗಳ ಹರವಿಗಿಂತ ಆಚೆಗೂ ಹೋಗಿರುತ್ತದೆ. ಅಲ್ಲಿ ಟ್ರ್ಯಾಕ್ಟರ್ ಓಡಾಡಿದರೆ, ಮಣ್ಣು ಸುರಿದರೆ ಮರ ಕೆಲವು ವರ್ಷ ಬಿಟ್ಟು ಒಣಗುತ್ತದೆ, ಕಾರಣ ಆಗ ಯಾರಿಗೂ ನೆನಪಿರುವುದಿಲ್ಲ.

ದಾರಿ ಹಾಳಾಗುವುದು ಗಾಡಿಯಿಂದಲ್ಲ, ನೀರಿನಿಂದ. ಮಳೆಗೆ ಮೊದಲು ಚರಂಡಿ ಕೆಸರು ತೆಗೆದು, ಇಳಿಜಾರಿನಲ್ಲಿ ಅಲ್ಲಲ್ಲಿ ಓರೆ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ಬಿಡಿ. ಜೋರು ಮಳೆಯಲ್ಲಿ ಒಮ್ಮೆ ಕೊಡೆ ಹಿಡಿದು ನಡೆದರೆ ಎಲ್ಲಿ ತೋಡಬೇಕು ಅಂತ ನೀರೇ ತೋರಿಸುತ್ತದೆ.

ಮೈ, ದುಡ್ಡು, ಮತ್ತು ಬೇಡ ಅನ್ನುವುದು

ಮಷೀನಿನ ನಡುಕ ವರ್ಷಗಟ್ಟಲೆ ಕೈಗಿಳಿದರೆ ಬೆರಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತದೆ, ಆಮೇಲೆ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ಒಂದು ಟ್ಯಾಂಕು ಮುಗಿದ ಮೇಲೆ ಎಳೆಯುವ, ಒಟ್ಟುವ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಹರಿತ ಚೈನು, ಬಿಗಿಯಾದ ರಬ್ಬರ್ ಬುಷ್ಷು ಇದ್ದರೆ ನಡುಕ ಕಡಿಮೆ. ಮೊದಲ ಸಲ ಬೆರಳು ಜೋಮು ಹಿಡಿದಾಗಲೇ ಡಾಕ್ಟರಿಗೆ ತೋರಿಸಿ.

ರೇಟು ಹಾಕುವಾಗ ಚೈನು, ಬಾರು, ಅರ, ಆಯಿಲ್, ರಿಪೇರಿ, ವಿಮೆ, ಮಳೆಯಲ್ಲಿ ಖಾಲಿ ಕೂರುವ ದಿನ, ಗಾಡಿ ಓಡಾಟ ಎಲ್ಲ ಸೇರಿಸಿ. ಕೂಲಿ ಮಾತ್ರ ಲೆಕ್ಕ ಹಾಕಿದರೆ ಮಷೀನು ಕೆಟ್ಟ ದಿನ ಕಸುಬೂ ನಿಲ್ಲುತ್ತದೆ. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಎರಡು ಸಾಲು ಬರೆದು ಕೊಡಿ. ಮೆಸೇಜ್ ಆದರೂ ಸಾಕು.

ಕೆಲವು ಕೆಲಸಕ್ಕೆ ಬೇಡ ಅನ್ನಬೇಕು. ಕರೆಂಟ್ ತಂತಿಗೆ ತಾಗಿದ ಅಥವಾ ತಾಗಬಹುದಾದ ಮರ ವಿದ್ಯುತ್ ಇಲಾಖೆಯವರದ್ದು, ಅವರು ಲೈನ್ ಆಫ್ ಮಾಡುವವರೆಗೆ ಹತ್ತಿರ ಹೋಗಬೇಡಿ. ಬುಡ ಕೊಳೆತ ಮರ, ಮನೆಯ ಮೇಲೆ ವಾಲಿದ ಮರ, ಬಿರುಗಾಳಿಗೆ ಒಂದರ ಮೇಲೊಂದು ಬಿದ್ದು ಹೆಣೆದುಕೊಂಡ ಮರಗಳು ಅನುಭವಿಗಳ ಪಾಲಿಗಿರಲಿ. "ನಿಮ್ಮಿಂದ ಆಗಲ್ವಾ?" ಅಂತ ಕೇಳಿದರೆ ಆಗಲ್ಲ ಅಂತಲೇ ಹೇಳಿ, ಆಗುವವರ ಫೋನ್ ನಂಬರ್ ಕೊಡಿ. ಅವರು ಒಲ್ಲದ ಸಣ್ಣ ಕೆಲಸಗಳನ್ನು ನಿಮ್ಮ ಕಡೆ ಕಳಿಸುತ್ತಾರೆ.